ಯಾವ ಬೇಜಾರು

ಜೂನ್ 3, ಬುಧವಾರ
ಬೆಳಗಿನ ಸಕ್ಕರೆ: 168

ಇದು ದಿನಚರಿಯಲ್ಲ, ಸಕ್ಕರೆ ಪುಸ್ತಕ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬೆರಳು ಚುಚ್ಚಿ ಬಂದ ಅಂಕಿಯನ್ನು ಮೇಲೆ ಬರೆಯಬೇಕು, ದಿನವಿಡೀ ತಿಂದದ್ದನ್ನು ಕೆಳಗೆ ಬರೆಯಬೇಕು ಎಂದು ಡಾಕ್ಟರು ಕೊಟ್ಟಿದ್ದಾರೆ. ಐವತ್ತೊಂದನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದಿದೆ ಎಂದು ಅವರು ಹೇಳುವಾಗ ನಾನು ಯಾರದೋ ಫಲಿತಾಂಶ ಕೇಳುವವನ ಹಾಗೆ ತಲೆಯಾಡಿಸುತ್ತಾ ಕುಳಿತಿದ್ದೆ. ಅಭ್ಯಾಸಬಲ. ಎಂಟು ವರ್ಷದಿಂದ ಮಕ್ಕಳ ಸಕ್ಕರೆ ಕಾಯಿಲೆಯ ಸಂಶೋಧನೆಯಲ್ಲಿ ಅಂಕಿ ಕೂಡಿಸುವುದೇ ನನ್ನ ಕೆಲಸ. ಅಂಕಿಗಳು ಇನ್ನೊಬ್ಬರವು ಎಂಬುದು ಆ ಕೆಲಸದ ಮುಖ್ಯ ಅನುಕೂಲ.

ತಿಂದದ್ದು: ಬ್ರೆಡ್ ಎರಡು, ಅನ್ನ ಒಂದು ಬಟ್ಟಲು, ಮೊಟ್ಟೆ. ಸಕ್ಕರೆಯಿಲ್ಲದ ಚಹಾ ಮೂರು ಸಲ. ಸಕ್ಕರೆಯಿಲ್ಲದ ಚಹಾ ಬಿಸಿನೀರಿಗೆ ಬಣ್ಣ ಬಳಿದ ಹಾಗಿರುತ್ತದೆ. ಹೆಂಡತಿ ಸಕ್ಕರೆ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದ್ದಾಳೆ. ಈಗ ಅವಳ ಚಹಾಕ್ಕೆ ಬೇಕೆಂದರೂ ನಾನೇ ಸ್ಟೂಲ್ ಹತ್ತಿ ತೆಗೆದುಕೊಡಬೇಕು.

ಪುಟದಲ್ಲಿ ಇನ್ನೂ ಅರ್ಧ ಜಾಗ ಉಳಿದಿದೆ. ಖಾಲಿ ಬಿಡುವುದು ನನ್ನ ಜಾಯಮಾನವಲ್ಲ, ಆದ್ದರಿಂದ ಬರೆಯುತ್ತೇನೆ.

ಜೂನ್ 5, ಶುಕ್ರವಾರ
ಬೆಳಗಿನ ಸಕ್ಕರೆ: 171

ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ ನಮ್ಮ ವಿಭಾಗ. ಒಂದು ಉದ್ದನೆಯ ಕಾರಿಡಾರ್, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಒಂದು ತೂಕದ ಯಂತ್ರ, ಗೋಡೆಗೆ ಸದಾ ಹತ್ತು ನಿಮಿಷ ಮುಂದಿರುವ ಗಡಿಯಾರ. ನಮ್ಮ ಪ್ರಶ್ನೆ ಸರಳ: ದೇಹದಲ್ಲಿ ಸಕ್ಕರೆ ಏರುಪೇರಾಗುವ ಮಕ್ಕಳ ಮನಸ್ಸೂ ಏರುಪೇರಾಗುತ್ತದೆಯೇ, ಆಗುವುದಾದರೆ ಯಾವುದು ಮೊದಲು? ಇನ್ನೂರ ಹನ್ನೆರಡು ಮಕ್ಕಳು ಆರು ತಿಂಗಳಿಗೊಮ್ಮೆ ಬರಿಹೊಟ್ಟೆಯಲ್ಲಿ ಬರುತ್ತಾರೆ. ಸಿಸ್ಟರ್ ಕೈಗೆ ಸೂಜಿ ಹಾಕಿ ಕಟ್ಟಿ, ಒಂದು ಲೋಟ ಸಿಹಿಹಾಲು ಕುಡಿಸಿ, ನಾಲ್ಕು ಗಂಟೆಯ ಕಾಲ ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ರಕ್ತದ ಫಲಿತಾಂಶ ಬರಲು ತಿಂಗಳಾಗುತ್ತದೆ, ಬಂದರೂ ನನಗೆ ತೋರಿಸುವುದಿಲ್ಲ. ಮನಸ್ಸಿನ ಪ್ರಶ್ನೆ ಕೇಳುವವನಿಗೆ ಆ ದಿನದ ರಕ್ತದ ವಿಷಯ ಗೊತ್ತಿರಬಾರದು ಎಂಬುದು ನಿಯಮ. ಮೂರನೆಯ ಗಂಟೆಗೆ ನನ್ನ ಸರದಿ. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ: ಒಂದು ದಿನವೂ ಇಲ್ಲ ಎಂದರೆ ಸೊನ್ನೆ, ಪ್ರತಿದಿನ ಎಂದರೆ ಮೂರು.

ಮೊದಲನೆಯ ಪ್ರಶ್ನೆ: ‘ಕಳೆದ ಎರಡು ವಾರಗಳಲ್ಲಿ ನಿನಗೆ ಎಷ್ಟು ದಿನ ಬೇಜಾರಾಗಿತ್ತು?’ ಈ ವಾಕ್ಯ ನನ್ನದು. ಅನುವಾದದ ಸಮಿತಿಯಲ್ಲಿ ಒಬ್ಬರು ದುಃಖ ಎಂದರು. ದುಃಖ ಎಂದರೆ ಯಾರೋ ಸತ್ತಿದ್ದಾರೆ ಎಂದು ಮಕ್ಕಳು ತಿಳಿಯುತ್ತಾರೆ ಎಂದೆ. ಇನ್ನೊಬ್ಬರು ಖಿನ್ನತೆ ಎಂದರು. ಅದನ್ನು ಪತ್ರಿಕೆಯವರನ್ನು ಬಿಟ್ಟು ಯಾರೂ ಬಳಸುವುದಿಲ್ಲ ಎಂದೆ. ಬೇಜಾರು ಎಂದಾಗ ಎಲ್ಲರೂ ಹೌದು ಹೌದು ಎಂದರು. ಅದನ್ನು ಇನ್ನೊಬ್ಬ ಅನುವಾದಕರಿಗೆ ಕೊಟ್ಟು ಮೂಲಭಾಷೆಗೆ ವಾಪಸ್ ಮಾಡಿಸಿದಾಗ ಹೋದ ಅರ್ಥವೇ ತಿರುಗಿ ಬಂತು. ಮೇಡಂ, ಅಂದರೆ ನಮ್ಮ ಮುಖ್ಯಸ್ಥೆ, ಸಭೆಯಲ್ಲೇ ನನ್ನನ್ನು ಹೊಗಳಿದರು.

ಮೊದಲು ಇನ್ನೊಂದು ನಿಯಮವೂ ಇತ್ತು. ಒಂದನೆಯ ಪ್ರಶ್ನೆಗೆ ಅಥವಾ ಬದುಕುವುದೇ ಬೇಡವೆನ್ನಿಸಿತ್ತೇ ಎಂದು ಕೇಳುವ ಹತ್ತನೆಯ ಪ್ರಶ್ನೆಗೆ ಮೂರು ಹಾಕಿದ ಮಗುವಿನ ಮನೆಗೆ ಅದೇ ವಾರ ನಮ್ಮ ಮನೋವೈದ್ಯೆ ಫೋನ್ ಮಾಡಬೇಕು. ಎರಡು ತಿಂಗಳಲ್ಲಿ ಅರವತ್ತನಾಲ್ಕು ಮಕ್ಕಳು ಒಂದನೆಯದಕ್ಕೆ ಮೂರು ಹಾಕಿದರು. ಆಕೆ ಫೋನ್ ಮಾಡಿ ಮಾಡಿ ಸುಸ್ತಾದಳು. ಹೆಚ್ಚಿನ ಮಕ್ಕಳಿಗೆ ಏನೂ ಆಗಿರಲಿಲ್ಲ. ಆಗ ನಾನು ಒಂದು ಟಿಪ್ಪಣಿ ಬರೆದೆ: ಸೂಜಿ ಕಟ್ಟಿಕೊಂಡು ಮೂರು ಗಂಟೆ ಕುಳಿತ ಮಗು ಎಲ್ಲವನ್ನೂ ಹೆಚ್ಚಾಗಿ ಹೇಳುತ್ತದೆ, ಇದು ಕಾರಿಡಾರ್ ಪರಿಣಾಮ, ಆದ್ದರಿಂದ ಒಂದನೆಯ ಪ್ರಶ್ನೆಯನ್ನು ಫೋನ್ ನಿಯಮದಿಂದ ಕೈಬಿಡಬಹುದು. ಒಂದೇ ದಿನದಲ್ಲಿ ಒಪ್ಪಿಗೆಯಾಯಿತು. ‘ಕಾರಿಡಾರ್ ಪರಿಣಾಮ’ ಎಂಬ ಮಾತು ಈಗ ಬೇರೆ ಊರಿನ ಸಂಶೋಧಕರ ಬಾಯಲ್ಲೂ ಇದೆಯಂತೆ.

ತಿಂದದ್ದು ಬರೆಯಲು ಜಾಗವಿಲ್ಲ.

ಜೂನ್ 9, ಮಂಗಳವಾರ
ಬೆಳಗಿನ ಸಕ್ಕರೆ: 154

ಇಂದು ಆರು ಮಕ್ಕಳು. ಎಂಬತ್ತಾರನೆಯ ಸಂಖ್ಯೆಯವಳು ಇಪ್ಪತ್ತು ನಿಮಿಷ ತೆಗೆದುಕೊಂಡಳು. ಉಳಿದವರಿಗೆ ತಲಾ ಏಳು ನಿಮಿಷ ಹಿಡಿಯುತ್ತದೆ.

ಹನ್ನೆರಡು ವರ್ಷ, ನಾಲ್ಕನೆಯ ಸಲ ಬಂದಿದ್ದಾಳೆ. ತಂದೆ ಬಡಗಿ. ಕುರ್ಚಿಯಲ್ಲಿ ಕೂರುವ ಮೊದಲು ಅದರ ಕಾಲು ಅಲ್ಲಾಡಿಸಿ ನೋಡುವ ಮನುಷ್ಯ. ನಾನು ಮೊದಲ ಪ್ರಶ್ನೆ ಓದಿದೆ. ಅವಳು ಪೆನ್ಸಿಲ್ ಎತ್ತಿಕೊಂಡು ನನ್ನನ್ನೇ ನೋಡಿದಳು.

“ಯಾವ ಬೇಜಾರು ಅಂಕಲ್?”

ವಿವರಿಸುವ ಹಾಗಿಲ್ಲ. ಒಂದು ಮಗುವಿಗೆ ವಿವರಿಸಿದರೆ ಇನ್ನೂರ ಹನ್ನೊಂದು ಮಕ್ಕಳಿಗೂ ಹಾಗೆಯೇ ವಿವರಿಸಬೇಕಾಗುತ್ತದೆ. ‘ನಿನಗೆ ಹೇಗೆ ಅರ್ಥವಾಗುತ್ತದೋ ಹಾಗೆ’ ಎಂದಷ್ಟೇ ಹೇಳಬೇಕು. ಹೇಳಿದೆ.

“ಅಲ್ಲ, ಟೈಮ್ ಹೋಗದೇ ಇದ್ದಾಗ ಆಗುತ್ತಲ್ಲ, ಆ ಬೇಜಾರಾ? ಇಲ್ಲ ಅಮ್ಮ ಬೈದಾಗ ಆಗೋದಾ? ಇನ್ನೊಂದಿದೆಯಲ್ಲ, ಅದಾ?”

ನಿನಗೆ ಹೇಗೆ ಅರ್ಥವಾಗುತ್ತದೋ ಹಾಗೆ ಎಂದು ಮತ್ತೆ ಹೇಳಿದೆ. ಅವಳು ಬಹಳ ಹೊತ್ತು ಯೋಚಿಸಿ ಮೂರನ್ನು ಸುತ್ತಿದಳು. ಪೆನ್ಸಿಲ್ ಒತ್ತಿ ಒತ್ತಿ ಎರಡು ಸಲ ಸುತ್ತಿದಳು. ಉಳಿದ ಒಂಬತ್ತಕ್ಕೂ ಚಕಚಕನೆ ಸೊನ್ನೆ ಹಾಕಿದಳು. ಮನೆಯಲ್ಲಿ ಬರೆದ ಸಕ್ಕರೆ ಪುಸ್ತಕ ಕೊಟ್ಟಳು, ಸಕ್ಕರೆ ನೋಡುವ ಯಂತ್ರ ತರಲು ಮರೆತೆ ಎಂದಳು. ಪುಸ್ತಕದ ಜೆರಾಕ್ಸ್ ತೆಗೆದುಕೊಂಡು ವಾಪಸ್ ಕೊಟ್ಟೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಜೂನ್ 10, ಬುಧವಾರ
ಬೆಳಗಿನ ಸಕ್ಕರೆ: 118

ನಿಜಕ್ಕೂ 163. ಮುಂದಿನ ವಾರ ಡಾಕ್ಟರು ಪುಸ್ತಕ ನೋಡುತ್ತಾರೆ. ನಿನ್ನೆ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ, ಕೇಕ್ ಇತ್ತು. ಒಂದು ತುಂಡಿಗೆ ಅರ್ಧ ಗಂಟೆ ಉಪದೇಶ ಕೇಳುವಷ್ಟು ತಾಳ್ಮೆ ನನಗಿಲ್ಲ.

(ಈ ಪುಟವನ್ನು ಅವರಿಗೆ ತೋರಿಸುವ ಹಾಗಿಲ್ಲವೆಂದು ಈಗ ಹೊಳೆಯಿತು. ಬೇರೆ ಪುಸ್ತಕ ಕೊಳ್ಳಬೇಕು.)

ಜೂನ್ 12, ಶುಕ್ರವಾರ
ಬೆಳಗಿನ ಸಕ್ಕರೆ: 159

ಸಂಜೆ ಸುಮ್ಮನೆ ಕುಳಿತಿದ್ದೆ. ಏನಾಯಿತು ಎಂದು ಹೆಂಡತಿ ಕೇಳಿದಳು. ಬೇಜಾರು ಎಂದೆ. ಅವಳು ಟಿವಿ ಆರಿಸಿ ಪಕ್ಕದಲ್ಲಿ ಬಂದು ಕುಳಿತಳು.

ಟಿವಿ ಏಕೆ ಆರಿಸಿದೆ, ನನಗೆ ಹೊತ್ತು ಹೋಗುತ್ತಿರಲಿಲ್ಲ ಅಷ್ಟೇ ಎಂದೆ. ಅವಳು ನಗಲಿಲ್ಲ.

“ನನಗೆ ಗೊತ್ತಾಗಲ್ವಾ? ಇಪ್ಪತ್ತಾರು ವರ್ಷದಿಂದ ನೀವು ಬೇಜಾರು ಅಂತಾನೇ ಹೇಳ್ತಿದ್ದೀರಿ. ಯಾವ್ದು ಅಂತ ಯಾವತ್ತಾದ್ರೂ ಕೇಳಿದ್ದೀನಾ? ಮುಖ ನೋಡಿದ್ರೆ ತಿಳಿಯುತ್ತೆ.”

ಕಾಯಿಲೆ ಬಂದದ್ದಕ್ಕೆ ಬೇಜಾರಾಗಿದೆ ಎಂದು ಆಗ ಒಪ್ಪಿಕೊಂಡೆ. ಸಾಯುವವರೆಗೂ ಬಿಡದೆ ಇರುವ ಕಾಯಿಲೆ ಎಂದರೆ ಅದೇನು ಕಾಯಿಲೆಯೋ ಸಂಸಾರವೋ ಎಂದೆ. ಈ ಮಾತಿಗೆ ಅವಳು ಭುಜಕ್ಕೆ ಒಂದು ಕೊಟ್ಟು ಅಡುಗೆಮನೆಗೆ ಹೋದಳು. ನಮಗೆ ಮಕ್ಕಳಿಲ್ಲ. ಅದನ್ನು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ.

ಜೂನ್ 16, ಮಂಗಳವಾರ
ಬೆಳಗಿನ ಸಕ್ಕರೆ: 161

ಕಳೆದ ವಾರದ ಮಕ್ಕಳ ಸಕ್ಕರೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ದಿನಕ್ಕೆ ನಾಲ್ಕರಂತೆ ತೊಂಬತ್ತು ದಿನದ ಅಂಕಿ. ಎಂಬತ್ತಾರರ ಪುಸ್ತಕಕ್ಕೆ ಬಂದಾಗ ಬೆರಳು ನಿಂತಿತು.

ಅಂಕಿಗಳ ಜೊತೆ ವಯಸ್ಸು ಕಳೆದವನಿಗೆ ಮಾತ್ರ ಕಾಣುವ ವಿಷಯ ಇದು. ಯಂತ್ರ ತೋರಿಸಿದ ಅಂಕಿಗಳ ಕೊನೆಯ ಸ್ಥಾನದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತವೆ. ಮನುಷ್ಯ ಹುಟ್ಟಿಸಿದ ಅಂಕಿಗಳಲ್ಲಿ ಹಾಗಾಗುವುದಿಲ್ಲ. ಸುಳ್ಳು ಬರೆಯುವವನು ಸೊನ್ನೆಗೂ ಐದಕ್ಕೂ ಹೆದರುತ್ತಾನೆ, ದುಂಡಾಗಿ ಕಂಡರೆ ಸಿಕ್ಕಿಬೀಳುತ್ತೇನೆ ಎಂದುಕೊಳ್ಳುತ್ತಾನೆ. ಮೊನ್ನೆ ನಾನು 120 ಎಂದು ಬರೆಯಲಿಲ್ಲ, 118 ಎಂದು ಬರೆದೆ.

ಎಂಬತ್ತಾರರ ಕೊನೆಯ ಐದು ವಾರದ ನೂರ ನಲವತ್ತು ಅಂಕಿಗಳಲ್ಲಿ ಸೊನ್ನೆಯಲ್ಲಿ ಮುಗಿಯುವುದು ಒಂದೂ ಇಲ್ಲ. ಐದು ಎರಡೇ ಸಲ. ಏಳು ಮೂವತ್ತೆಂಟು ಸಲ. ಎಲ್ಲವೂ ನೂರರಿಂದ ನೂರೈವತ್ತರೊಳಗೆ, ಪಾಠಪುಸ್ತಕದ ಮಗುವಿನ ಹಾಗೆ. ಅದಕ್ಕೆ ಮೊದಲಿನ ವಾರಗಳಲ್ಲಿ 312 ಇದೆ, 68 ಇದೆ, ಒಂದು ಕಡೆ ಅಂಕಿಯ ಬದಲು ಬೆಕ್ಕಿನ ಚಿತ್ರವಿದೆ. ಅವು ನಿಜವಾದ ಮಗುವಿನ ವಾರಗಳು.

ಮಕ್ಕಳು ಸುಳ್ಳು ಬರೆಯುವುದು ಹೊಸದಲ್ಲ. ಆ ಐದು ವಾರಕ್ಕೆ ‘ನಂಬಲರ್ಹವಲ್ಲ’ ಎಂಬ ಗುರುತು ಹಾಕಿ ಮುಂದಿನದಕ್ಕೆ ಹೋದೆ. ಸಂಜೆ ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿದ್ದೆ.

ಜೂನ್ 17, ಬುಧವಾರ

ಬೆಳಿಗ್ಗೆ ಬೇಗ ಹೋಗಿ ಹಳೆಯ ಕಡತ ತೆಗೆದೆ. ಮನೋವೈದ್ಯೆ ಆ ಅರವತ್ತನಾಲ್ಕು ಮನೆಗಳಿಗೆ ಫೋನ್ ಮಾಡಿದಾಗ ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟಿದ್ದಳು. ಆಗ ನಾನು ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದ್ದೆ. ಇಂದು ಎಲ್ಲವನ್ನೂ ಓದಿದೆ.

‘ಆಟಕ್ಕೆ ಬಿಡಲ್ಲ, ಬೇಜಾರು.’ ‘ಅಲ್ಲಿ ಟಿವಿ ಇಲ್ಲ, ಬೇಜಾರು.’ ‘ರಜದಲ್ಲಿ ತುಂಬಾ ಬೇಜಾರು, ಈಗ ಸ್ಕೂಲ್ ಶುರುವಾಯ್ತು.’ ಹೀಗೆ ಐವತ್ತೈದು ಮಕ್ಕಳು. ಉಳಿದ ಒಂಬತ್ತು ಮಕ್ಕಳ ಮಾತು ಬೇರೆ. ಒಂದು ಮಗು, ಎಲ್ಲರ ಮುಂದೆ ಚುಚ್ಚಿಕೊಳ್ಳಬೇಕಲ್ಲ ಎಂದಿದೆ. ಇನ್ನೊಂದು, ನನ್ನಿಂದ ಮನೆಯಲ್ಲಿ ಜಗಳ ಎಂದಿದೆ. ಆ ಒಂಬತ್ತರಲ್ಲಿ ಎಂಬತ್ತಾರನೆಯದೂ ಇತ್ತು. ಅವಳೊಂದಿಗೆ ಮನೋವೈದ್ಯೆ ಐದು ಸಲ ಮಾತಾಡಿದ್ದಾಳೆ. ‘ಈಗ ಪರವಾಗಿಲ್ಲ, ನಗುತ್ತಾಳೆ’ ಎಂದು ಕೊನೆಯಲ್ಲಿ ಬರೆದಿದ್ದಾಳೆ.

ಕಾರಿಡಾರಿನ ತಪ್ಪಲ್ಲ ಇದು. ಯಾವ ಮಗುವೂ ಏನನ್ನೂ ಹೆಚ್ಚಾಗಿ ಹೇಳಿಲ್ಲ. ಹೊತ್ತು ಹೋಗದಿರುವುದೂ ಬದುಕು ಭಾರವಾಗುವುದೂ ನಮ್ಮಲ್ಲಿ ಒಂದೇ ಮಾತು, ಆ ಮಾತನ್ನು ಆರಿಸಿದವನು ನಾನು. ಅಕ್ಕಿಯನ್ನೂ ಕಲ್ಲನ್ನೂ ಒಂದೇ ಪಾವಿನಲ್ಲಿ ಅಳೆದೆ. ಕಲ್ಲು ಜಾಸ್ತಿ ಇದೆ ಎಂದು ಆಮೇಲೆ ಎರಡನ್ನೂ ಚೆಲ್ಲಿಬಿಟ್ಟೆ. ಈಗ ಎಂಬತ್ತಾರು ಮೊದಲನೆಯದಕ್ಕೆ ಮೂರು ಹಾಕಿ, ಉಳಿದವಕ್ಕೆ ಸೊನ್ನೆ ಹಾಕಿ, ಪುಸ್ತಕದಲ್ಲಿ ಐದು ವಾರ ಸುಳ್ಳು ಬರೆದಿದ್ದಾಳೆ. ನನ್ನ ಟಿಪ್ಪಣಿಯ ಪ್ರಕಾರ ಅವಳ ಮನೆಗೆ ಯಾರೂ ಫೋನ್ ಮಾಡುವಂತಿಲ್ಲ.

ಮೇಡಂಗೆ ಹೇಳಬೇಕು. ಹೇಳಿದರೆ ಎರಡು ವರ್ಷದ ಮೊದಲನೆಯ ಪ್ರಶ್ನೆ ಪೂರ್ತಿ ಬಿದ್ದುಹೋಗುತ್ತದೆ. ನಾಳೆ ಹೇಳುತ್ತೇನೆ.

ಜೂನ್ 18, ಗುರುವಾರ

ಮೇಡಂ ರಜೆ.

ಜೂನ್ 22, ಸೋಮವಾರ

ಮೇಡಂ ಮುಂದಿನ ತಿಂಗಳ ಸಮ್ಮೇಳನಕ್ಕೆ ಸ್ಲೈಡ್ ಮಾಡುತ್ತಿದ್ದರು. ಕರೆದು ತೋರಿಸಿದರು. ಏಳನೆಯ ಸ್ಲೈಡಿನಲ್ಲಿ ‘ಕಾರಿಡಾರ್ ಪರಿಣಾಮ’, ಕೆಳಗೆ ನನ್ನ ಹೆಸರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನನ್ನ ಹೆಸರು ಸ್ಲೈಡಿಗೆ ಏರಿದ್ದು ಇದೇ ಮೊದಲು. ಅಕ್ಷರ ಇನ್ನೂ ದೊಡ್ಡದು ಮಾಡಲೇ ಎಂದು ಕೇಳಿದರು. ಇಷ್ಟೇ ಸಾಕು ಎಂದೆ.

ಒಂದು ಮಗುವಿನ ಪುಸ್ತಕದಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. ಇನ್ನೂ ನಾಲ್ಕೈದು ಪುಸ್ತಕ ಪರೀಕ್ಷಿಸಿ, ಪಟ್ಟಿ ಮಾಡಿ, ಸರಿಯಾದ ಪುರಾವೆಯೊಂದಿಗೆ ಹೋಗುವುದು ಒಳ್ಳೆಯದು. ವಿಜ್ಞಾನದಲ್ಲಿ ಅವಸರ ಸಲ್ಲದು.

ಮೇಲಿನ ಪ್ಯಾರಾ ಓದಿ ನೋಡಿದೆ. ಸರಿಯಾಗಿಯೇ ಇದೆ.

ಜೂನ್ 25, ಗುರುವಾರ

ಪತ್ರ ಬರೆದೆ. ಎರಡು ಪುಟ. ಮೇಜಿನ ಡ್ರಾಯರಿನಲ್ಲಿ ಇಟ್ಟೆ. ಭಾಷೆ ತಿದ್ದಬೇಕು.

ಬೆಳಿಗ್ಗೆ ಬೆರಳು ಚುಚ್ಚಿಕೊಳ್ಳಲಿಲ್ಲವಲ್ಲ ಎಂದು ಹೆಂಡತಿ ಹೇಳಿದಳು. ಒಂದು ವಾರದಿಂದ ಚುಚ್ಚಿಕೊಂಡಿಲ್ಲವಂತೆ. ಅವಳು ಹೇಳಿದ ಮೇಲೆಯೇ ನನಗೂ ಗೊತ್ತಾಯಿತು.

ಜೂನ್ 29, ಸೋಮವಾರ

ಲಿಫ್ಟಿನಲ್ಲಿ ಸಿಸ್ಟರ್ ಸಿಕ್ಕಳು. ಎಂಬತ್ತಾರನೆಯವಳು ನಿನ್ನೆ ಬೆಳಿಗ್ಗೆ ತುರ್ತು ವಿಭಾಗಕ್ಕೆ ಬಂದಳಂತೆ. ವಾಂತಿ, ಏದುಸಿರು, ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಯಂತ್ರ ಅಂಕಿಯನ್ನೇ ತೋರಿಸದೆ ‘ಮಿತಿ ಮೀರಿದೆ’ ಎಂದಿತಂತೆ. ದಿನಗಟ್ಟಲೆ ಇನ್ಸುಲಿನ್ ತೆಗೆದುಕೊಳ್ಳದಿದ್ದರೆ ಹಾಗಾಗುತ್ತದೆ. ರಕ್ತವೇ ಹುಳಿಯಾಗುತ್ತದೆ.

ಬದುಕಿದ್ದಾಳಾ ಎಂದು ಕೇಳಿದೆ. ಐ.ಸಿ.ಯು.ನಲ್ಲಿದ್ದಾಳೆ ಎಂದಳು. ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ. ಎರಡನೆಯ ಮಹಡಿಯಲ್ಲೇ ಇಳಿದು ಮೆಟ್ಟಿಲ ಮೇಲೆ ಕುಳಿತೆ.

ಹದಿನೇಳರಿಂದ ಇಪ್ಪತ್ತೆಂಟರವರೆಗೆ ಹನ್ನೊಂದು ದಿನ.

ಜೂನ್ 30, ಮಂಗಳವಾರ

ಬೆಳಗಿನ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟಿದ್ದಾಳೆ, ನೀರು ಕೇಳಿದ್ದಾಳೆ. ಐ.ಸಿ.ಯು. ಬಾಗಿಲಲ್ಲಿ ಎರಡು ಸಲ ವಿಚಾರಿಸಿದೆ. ಮೂರನೆಯ ಸಲ ಹೋದಾಗ ಅಲ್ಲಿನ ನರ್ಸ್, ನೀವು ಯಾರು, ಮಾವನಾ ಎಂದಳು.

ಹತ್ತು ಗಂಟೆಗೆ ಪತ್ರ ತೆಗೆದುಕೊಂಡು ಮೇಡಂ ಕೋಣೆಗೆ ಹೋದೆ. ಭಾಷೆ ತಿದ್ದಿರಲಿಲ್ಲ. ಅವರು ಓದಿದರು, ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು. ಬೈಯುತ್ತಾರೆ ಎಂದು ನಿಂತಿದ್ದೆ, ಬೈಯಲಿಲ್ಲ. ಇಂಥ ಲೋಪಕ್ಕೆ ಒಂದು ಫಾರ್ಮ್ ಇದೆ. ಅದನ್ನು ಎದುರಿಗಿಟ್ಟು ಪೆನ್ನು ಹಿಡಿದರು.

“ನಿಮ್ಮ ಗಮನಕ್ಕೆ ಯಾವಾಗ ಬಂತು?”

ನಿನ್ನೆ ಎನ್ನಬಹುದಿತ್ತು. ಮಗು ಆಸ್ಪತ್ರೆಗೆ ಬಂದ ಮೇಲೆ ಅನುಮಾನ ಬಂತು, ಕಡತ ತೆಗೆದು ನೋಡಿದೆ ಎಂದರೆ ಎಲ್ಲರೂ ನಂಬುತ್ತಿದ್ದರು, ಶಭಾಷ್ ಎಂದೂ ಹೇಳುತ್ತಿದ್ದರು. ಪತ್ರದಲ್ಲಿ ನಾನು ತಾರೀಖು ಹಾಕಿರಲಿಲ್ಲ. ಏಕೆ ಹಾಕಿರಲಿಲ್ಲ ಎಂಬುದು ಅಲ್ಲಿ ನಿಂತಾಗ ನನಗೇ ತಿಳಿಯಿತು.

“ಹದಿನೇಳನೇ ತಾರೀಖು,” ಎಂದೆ.

ಅವರು ಬರೆಯಲಿಲ್ಲ. ನೀವು ಹೀಗೆ ಹೇಳಿದರೆ ನಾನು ಇದನ್ನೇ ಬರೆಯಬೇಕಾಗುತ್ತದೆ ಎಂದರು. ಬರೆಯಿರಿ ಎಂದೆ. ಬರೆದರು.

ನಂತರ ಮುಂದಿನ ಮಾತು. ಸಂಶೋಧನೆಗೆ ಒಪ್ಪಿಗೆ ಕೊಡುವ ನೀತಿ ಸಮಿತಿ ಸೇರುವುದು ಜುಲೈ ಹದಿನಾಲ್ಕಕ್ಕೆ. ಅದುವರೆಗೆ ಯಾರ ಮನೆಗೂ ಫೋನ್ ಮಾಡಕೂಡದು. ಏನು ಹೇಳಬೇಕು, ಯಾರು ಹೇಳಬೇಕು ಎಂದು ಸಮಿತಿ ಬರೆದುಕೊಡದೆ ತಂದೆತಾಯಿಯರನ್ನು ಹೆದರಿಸಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು ಎಂದರು. ಅವರ ಮಾತು ನಿಯಮದ ಪ್ರಕಾರ ಸರಿ. ಆ ನಿಯಮದ ಕರಡು ಬರೆದವನೂ ನಾನೇ.

ಹೆಂಡತಿಗೆ ಎಲ್ಲ ಹೇಳಿದೆ. ಹನ್ನೊಂದು ದಿನ ಎಂದಾಗ ಬಟ್ಟೆ ಮಡಿಸುತ್ತಿದ್ದ ಅವಳ ಕೈ ನಿಂತಿತು. ಬೈದಿದ್ದರೆ ವಾಸಿಯಿತ್ತು.

ಜುಲೈ 2, ಗುರುವಾರ

ಹುಡುಗಿಯನ್ನು ಮಕ್ಕಳ ವಾರ್ಡಿಗೆ ಹಾಕಿದ್ದಾರೆ. ಕಿಟಕಿಯ ಪಕ್ಕದ ಹಾಸಿಗೆ. ತಾಯಿ ಮಗ್ಗುಲಲ್ಲಿ ಕುಳಿತಿದ್ದಳು. ಬಂದು ಮಾತಾಡಬಹುದೇ ಎಂದು ಕೇಳಿದೆ. ನೀವು ಬಂದದ್ದರಿಂದ ಮುಖ ತೊಳೆದು ಬರಲು ಪುರುಸೊತ್ತಾಯಿತು ಎಂದು ಆಕೆ ಎದ್ದುಹೋದಳು.

ಹುಡುಗಿ ನನ್ನ ಖಾಲಿ ಕೈ ನೋಡಿದಳು.

“ಫಾರ್ಮ್ ಎಲ್ಲಿ?”

ತಂದಿಲ್ಲ ಎಂದೆ. ಆವತ್ತು ಇನ್ನೊಂದು ಬೇಜಾರಿದೆ ಅಂದೆಯಲ್ಲ, ಅದು ಯಾವುದು ಎಂದು ಕೇಳಿದೆ. ಹೀಗೆ ಕೇಳುವ ಹಾಗಿಲ್ಲ. ಕೇಳಿದೆ.

ಅವಳು ಹೊದಿಕೆಯ ದಾರ ಎಳೆಯುತ್ತಾ ಕುಳಿತಳು. “ಸಾಕು ಅನ್ನೋ ಬೇಜಾರು,” ಎಂದಳು.

ಆಮೇಲೆ ಒಂದೊಂದಾಗಿ ಹೇಳಿದಳು. ಮನೆಯಲ್ಲಿ ಎದ್ದ ಕೂಡಲೇ ನಂಬರ್ ಎಷ್ಟು ಎಂದು ಕೇಳುತ್ತಾರೆ. ಸ್ಕೂಲಿನಿಂದ ಬಂದರೆ ನಂಬರ್ ಎಷ್ಟು. ನಂಬರ್ ಜಾಸ್ತಿಯಾದ ದಿನ ಅಪ್ಪ ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಜಗಳವಾಡುತ್ತಾರೆ. “ನಂಬರ್ ಚೆನ್ನಾಗಿದ್ರೆ ನನ್ನ ಜೊತೆ ಮಾತಾಡ್ತಾರೆ. ಇಲ್ದಿದ್ರೆ ನನ್ನ ಬಗ್ಗೆ ಮಾತಾಡ್ತಾರೆ.” ಅದಕ್ಕೇ ಚೆನ್ನಾಗಿರುವ ನಂಬರ್ ಬರೆಯತೊಡಗಿದಳು. ಮನೆ ಸರಿಹೋಯಿತು. ಇಂಜೆಕ್ಷನ್ ಬಿಟ್ಟದ್ದು ಏಕೆ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು.

“ಸಾಯೋಕೆ ಅಂತ ಅಲ್ಲ ಅಂಕಲ್. ಎಲ್ಲಾದಕ್ಕೂ ರಜಾ ಇರುತ್ತಲ್ಲ, ಇದಕ್ಕಿಲ್ಲ. ಒಂದು ದಿನ ರಜಾ ತಗೊಂಡೆ. ಚೆನ್ನಾಗಿತ್ತು. ಆಮೇಲೆ ಇನ್ನೊಂದು ದಿನ.”

ಇದನ್ನು ಕೇಳಿ ನನಗೆ ಅಳು ಬಂತು. ವಾರ್ಡಿನ ಗೋಡೆಯ ಮೇಲೆ ಬಿಡಿಸಿದ ಆನೆಯನ್ನು ನೋಡುತ್ತಾ ತಡೆದುಕೊಂಡೆ. ಮನೋವೈದ್ಯೆ ಬರುತ್ತಾಳಾ ಎಂದು ಕೇಳಿದೆ. ಮೊನ್ನೆಯಿಂದ ದಿನಾ ಬರುತ್ತಾರೆ, ಆಂಟಿ ಒಳ್ಳೆಯವರು ಎಂದಳು. ನಾನು ಏಳುವಾಗ ಮತ್ತೊಂದು ಮಾತು ಹೇಳಿದಳು. ದೂರು ಎಂದು ಹೇಳಲಿಲ್ಲ, ಲೆಕ್ಕ ಏಕೆ ತಪ್ಪಿತು ಎಂದು ಕೇಳುವವಳ ಹಾಗೆ ಹೇಳಿದಳು.

“ಮೊದಲನೇ ಸಲ ಮೂರು ಹಾಕಿದಾಗ ಆಂಟಿ ಫೋನ್ ಮಾಡಿದ್ರು. ಈ ಸಲಾನೂ ಮಾಡ್ತಾರೆ ಅಂತ ಕಾಯ್ತಾ ಇದ್ದೆ.”

ಜುಲೈ 3, ಶುಕ್ರವಾರ

ಮಧ್ಯಾಹ್ನ ಕಾರಿಡಾರಿನಲ್ಲಿ ಹುಡುಗಿಯ ತಂದೆ ನನಗಾಗಿ ಕಾಯುತ್ತಿದ್ದ. ಪುಸ್ತಕದಲ್ಲಿ ಬರೆದದ್ದು ಸುಳ್ಳು ಎಂದು ಕಂಡುಹಿಡಿದದ್ದು ಲೆಕ್ಕದ ಸಾರ್ ಎಂದು ಸಿಸ್ಟರ್ ಹೇಳಿದ್ದಾಳೆ. ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ. ಮರ ಕೊಯ್ದು ಕೊಯ್ದು ಒರಟಾದ ಅಂಗೈ. ನೀವು ನೋಡದೇ ಇದ್ದಿದ್ದರೆ ನಮಗೆ ಇನ್ನೂ ಗೊತ್ತಾಗುತ್ತಿರಲಿಲ್ಲ ಸಾರ್ ಎಂದ.

ಹಾಗೆಯೇ ತಲೆಯಾಡಿಸಿ ಒಳಗೆ ಹೋಗಬಹುದಿತ್ತು. ಅವನ ಕೈ ಹಿಡಿತ ಬಿಡುವವರೆಗೆ ಕಾದು, ಬನ್ನಿ ಕೂತುಕೊಳ್ಳಿ ಎಂದೆ. ಅವನು ಕುರ್ಚಿಯ ಕಾಲು ನೋಡಲಿಲ್ಲ. ಎಲ್ಲವನ್ನೂ ಹೇಳಿದೆ: ಆ ಮಾತು ಆರಿಸಿದ್ದು ನಾನು, ಫೋನ್ ನಿಲ್ಲಿಸಿದ್ದು ನಾನು, ನಿಮ್ಮ ಮಗಳ ಪುಸ್ತಕ ಸುಳ್ಳೆಂದು ಹದಿನಾರಕ್ಕೇ ಕಂಡಿತ್ತು, ನನ್ನ ತಪ್ಪು ಹದಿನೇಳಕ್ಕೇ ಗೊತ್ತಾಗಿತ್ತು, ನನ್ನ ಹೆಸರು ಸ್ಲೈಡಿನಲ್ಲಿತ್ತು, ಅದಕ್ಕೆ ಹೇಳಲಿಲ್ಲ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದರೆ ಹೊಡೆಯಲಿ ಎಂದೂ ಅನ್ನಿಸಿತ್ತು.

ಅವನು ಮೊಣಕಾಲ ಮೇಲೆ ಕೈ ಊರಿಕೊಂಡು ನೆಲ ನೋಡುತ್ತಿದ್ದ. ನಾವೂ ಅವಳ ನಂಬರನ್ನೇ ನೋಡುತ್ತಿದ್ದೆವು ಎಂದ. ಆಮೇಲೆ ಮುಖ ಎತ್ತಿದ.

“ಇನ್ನೂ ಇದ್ದಾರಾ? ಹಂಗೆ ಮೂರು ಹಾಕಿ, ಯಾರೂ ಫೋನ್ ಮಾಡದೇ ಇರೋ ಮಕ್ಕಳು?”

“ಮೂವತ್ತೆಂಟು.”

“ಅವರಿಗೆ ಹೇಳಾಯ್ತಾ?”

ಹದಿನಾಲ್ಕನೇ ತಾರೀಖು ಸಮಿತಿ ಸೇರುತ್ತದೆ ಎಂದೆ. ಇನ್ನೂ ಹನ್ನೊಂದು ದಿನ ಎಂದು ಹೇಳುವಾಗ ನನ್ನ ಬಾಯಿಯೇ ತಡೆಯಿತು.

“ಮತ್ತೆ ಇಲ್ಲಿ ಕೂತ್ಕೊಂಡು ನನಗೇನು ಹೇಳ್ತಿದ್ದೀರಿ?” ಎಂದ ಅವನು.

ಪಟ್ಟಿ ತೆಗೆದುಕೊಂಡು ಮನೋವೈದ್ಯೆಯ ಕೋಣೆಗೆ ಹೋದೆ. ಸಮಿತಿಗೆ ಏನು ಹೇಳುತ್ತೀರಿ ಎಂದು ಅವಳು ಕೇಳಿದಳು. ಫೋನ್ ಮಾಡಿದೆವು ಎಂದು ಹೇಳುತ್ತೇನೆ ಎಂದೆ. ಅವಳು ಚಪ್ಪಲಿ ಕಳಚಿ, ಕಾಲು ಮಡಿಸಿ ಕುಳಿತು ಮೊದಲ ನಂಬರ್ ಒತ್ತಿದಳು. ಮೇಡಂ ಒಮ್ಮೆ ಬಾಗಿಲಲ್ಲಿ ಬಂದು ನಿಂತರು, ಪಟ್ಟಿಯನ್ನೂ ನಮ್ಮನ್ನೂ ನೋಡಿ ಬಾಗಿಲು ಎಳೆದುಕೊಂಡು ಹೋದರು. ಮೇಜಿನ ಮೇಲೆ ಎರಡು ಫೋನ್ ಇದ್ದವು. ಮೊದಮೊದಲು ಅವಳು ಹೇಗೆ ಮಾತು ತೆಗೆಯುತ್ತಾಳೆ ಎಂದು ಕೇಳುತ್ತಿದ್ದೆ, ಆಮೇಲೆ ಎರಡನೆಯದನ್ನು ನಾನು ಎತ್ತಿಕೊಂಡೆ. ಯಾರ ಮಾತು ಭಾರವೆನ್ನಿಸಿದರೂ ಅವಳ ಕೈಗೆ ಕೊಡಬೇಕೆಂದು ಒಪ್ಪಂದ.

ಸಂಜೆಯೊಳಗೆ ಹದಿನೇಳು ಮನೆ ಆಯಿತು. ಹನ್ನೆರಡು ಮಕ್ಕಳಿಗೆ ಬರೀ ಹೊತ್ತು ಹೋಗದ ಬೇಜಾರು, ಒಬ್ಬಳು ಫೋನಿನಲ್ಲೇ ಎರಡು ಹಾಡು ಹೇಳಿದಳು. ನಾಲ್ವರನ್ನು ನಾಳೆಯೇ ಬರಹೇಳಿದ್ದೇವೆ. ಹದಿನೇಳನೆಯ ಮನೆಯಲ್ಲಿ ಫೋನ್ ಎತ್ತಿದ್ದು ಹತ್ತು ವರ್ಷದ ಹುಡುಗ. ಮನೆಯಲ್ಲಿ ದೊಡ್ಡವರು ಇದ್ದಾರಾ ಎಂದೆ. ಅಜ್ಜಿ ಹಿತ್ತಲಲ್ಲಿದ್ದಾರೆ ಎಂದ. ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ, ಆ ಪ್ರಶ್ನೆಗೆ ಮೂರು ಹಾಕಿದ್ದೆಯಲ್ಲ, ಅದಕ್ಕೆ ಎಂದೆ.

“ಇಷ್ಟು ದಿನ ಯಾಕೆ ಮಾಡ್ಲಿಲ್ಲ?” ಎಂದ.

ನನ್ನ ತಪ್ಪು ಎಂದೆ. ಅವನು ಮಾತಾಡತೊಡಗಿದ. ನಾನು ಮನೋವೈದ್ಯೆಯ ಕಡೆ ಕೈ ಮಾಡಿದೆ, ಅವಳು ತನ್ನ ಫೋನ್ ಇಟ್ಟು ಹತ್ತಿರ ಬಂದು ಕುಳಿತಳು. ಅವಳ ಕೈಗೆ ಕೊಡುವವರೆಗೂ ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಏನನ್ನೂ ಬರೆದುಕೊಳ್ಳಲಿಲ್ಲ.